ಬ್ಯಾಕಪ್ ತಗೊಂಡಿದ್ರಾ?

ಚೆನ್ನಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ಸುಮ್ಮನಿರಲಾಗದ ಜನ ಕೆಲವರಿದ್ದಾರೆ. ಕೆಟ್ಟದ್ದನ್ನು ಸರಿಮಾಡುವವನಿಗೆ ಮೆಕ್ಯಾನಿಕ್ ಎಂಬ ಮರ್ಯಾದೆಯ ಹೆಸರಿದೆ. ಸರಿಯಾಗಿರುವುದನ್ನು ಇನ್ನಷ್ಟು ಸರಿಮಾಡಲು ಹೋಗಿ ಮೂಲೆಗೆ ಹಾಕುವವನಿಗೆ ಬಹುಕಾಲ ಹೆಸರೇ ಇರಲಿಲ್ಲ. ಮನೆಯವರು ಕರೆಯುತ್ತಿದ್ದ ಹೆಸರುಗಳು ಇಲ್ಲಿ ಬರೆಯುವಂಥವಲ್ಲ. ಆಂಡ್ರಾಯ್ಡ್ ಫೋನು ಬಂದು ಆ ಕೊರತೆ ನೀಗಿತು. ಈಗ ನಮ್ಮನ್ನು ಮಾಡರ್‌ಗಳು ಎನ್ನುತ್ತಾರೆ. ಕಂಪನಿಯವರು ಎಂಜಿನಿಯರುಗಳ ದಂಡನ್ನೇ ಇಟ್ಟುಕೊಂಡು ಫೋನಿನೊಳಗೆ ತುಂಬಿ ಕಳಿಸಿದ ಸಾಫ್ಟ್‌ವೇರನ್ನು ಕಿತ್ತೆಸೆದು, ಊರು ಹೆಸರು ಗೊತ್ತಿಲ್ಲದ ಯಾವನೋ ಪುಣ್ಯಾತ್ಮ ತಯಾರಿಸಿ ಹಂಚಿದ ಇನ್ನೊಂದನ್ನು ತುಂಬುವುದು ನಮ್ಮ ಕಸುಬು. ಇದಕ್ಕೆ ಫ್ಲಾಶ್ ಮಾಡುವುದು ಎನ್ನುತ್ತೇವೆ. ಹಾಗೆ ತುಂಬಿದ ಮೇಲೆ ಫೋನು ಮಿಂಚಿನಂತೆ ಓಡುತ್ತದೆ. ಕ್ಯಾಮೆರಾ ತೆರೆಯುವುದಿಲ್ಲ, ಬ್ಯಾಂಕಿನ ಆ್ಯಪ್ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಕರೆ ಬಂದರೆ ಆ ಕಡೆಯವರ ಮಾತು ಒಮ್ಮೊಮ್ಮೆ ಕೇಳಿಸುವುದಿಲ್ಲ. ಆದರೆ ಓಡುತ್ತದೆ.

ನಾನು ಹುಣಸೂರಿನಲ್ಲಿ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡವನು. ಹೆಸರು ಮಾದೇವಪ್ಪ. ತಲೆಯಲ್ಲಿ ಕಪ್ಪಿಗಿಂತ ಬಿಳಿಯೇ ಹೆಚ್ಚು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲೂಕಿನ ಮಾಡರ್‌ಗಳೆಲ್ಲ ಸೇರಿರುವ ನಮ್ಮ ಗ್ರೂಪಿನಲ್ಲಿ ನನ್ನ ಹೆಸರು ‘ಸಿಡಿಲಮರಿ’. ಅಲ್ಲಿ ಯಾರೂ ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ ಇರುವುದಿಲ್ಲ. ಗ್ರೂಪಿನ ಘನ ಉದ್ದೇಶ ಫೈಲು ಮತ್ತು ಟೂಲುಗಳನ್ನು ಪರಸ್ಪರ ಹಂಚಿಕೊಳ್ಳುವುದು. ಹಂಚಿಕೊಳ್ಳುವುದು ಎಂದರೆ ಹೀಗೆ: ಒಬ್ಬ ಲಿಂಕು ಹಾಕುತ್ತಾನೆ. ಒತ್ತಿದರೆ ಜಾಹೀರಾತು ಬರುತ್ತದೆ. ಅದನ್ನು ದಾಟಿದರೆ ನಾನು ಮನುಷ್ಯನೆಂದು ಸಾಬೀತು ಮಾಡಲು ಟ್ರಾಫಿಕ್ ಸಿಗ್ನಲ್ ಇರುವ ಚೌಕಗಳನ್ನೆಲ್ಲ ಗುರುತಿಸಬೇಕು. ಹುಣಸೂರಿನವನಿಗೆ ಟ್ರಾಫಿಕ್ ಸಿಗ್ನಲ್ ತೋರಿಸಿ ಪರೀಕ್ಷೆ ಮಾಡುವುದು ಯಾವ ನ್ಯಾಯವೋ ತಿಳಿಯದು. ಅಂತೂ ಪಾಸಾಗಿ ಫೈಲು ಇಳಿಸಿಕೊಂಡರೆ ಅದಕ್ಕೊಂದು ಪಾಸ್‌ವರ್ಡ್. ಪಾಸ್‌ವರ್ಡ್ ಕೇಳಿದರೆ ಲಿಂಕು ಹಾಕಿದವನು ಅಳಿಯಂದಿರ ಹಾಗೆ ಬಿಗಿದುಕೊಳ್ಳುತ್ತಾನೆ. ಅವನ ಮನಸ್ಸು ಕರಗುವಷ್ಟರಲ್ಲಿ ನಮಗೆ ಬೇಕಾಗಿದ್ದದ್ದು ಯಾವ ಫೈಲು ಎಂಬುದೇ ಮರೆತಿರುತ್ತದೆ.

ಇಷ್ಟರ ಮೇಲೆ ಯಾರದಾದರೂ ಫೋನು ಸತ್ತರೆ, ಗ್ರೂಪಿನಲ್ಲಿ ಸಹಾಯ ಕೇಳಿದವನಿಗೆ ಮೊದಲು ಸಿಗುವುದು ಒಂದು ಪ್ರಶ್ನೆ: ‘ಬ್ಯಾಕಪ್ ತಗೊಂಡಿದ್ರಾ?’ ಅಂದರೆ, ಕೈ ಹಾಕುವ ಮುಂಚೆ ಒಳಗಿದ್ದದ್ದನ್ನೆಲ್ಲ ಬೇರೆ ಕಡೆ ನಕಲು ಮಾಡಿ ಇಟ್ಟುಕೊಂಡಿದ್ದೀರಾ? ಇಟ್ಟುಕೊಂಡಿದ್ದರೆ ಅವನು ಸಹಾಯ ಕೇಳಲು ಯಾಕೆ ಬರುತ್ತಿದ್ದ ಎಂದು ಯಾರೂ ಯೋಚಿಸುವುದಿಲ್ಲ. ಎಷ್ಟೋ ಜನರಿಗೆ ನಾನೇ ಈ ಪ್ರಶ್ನೆ ಹಾಕಿ, ಕೆಳಗೆ ಕೈಮುಗಿಯುವ ಚಿತ್ರ ಅಂಟಿಸಿದ್ದೇನೆ. ಸಾವಿನ ಮನೆಯಲ್ಲಿ ‘ಊಟ ಆಯ್ತಾ’ ಎಂದು ಕೇಳುವಷ್ಟೇ ಸಲೀಸಾಗಿ ಬಾಯಿಗೆ ಬರುವ ಮಾತು ಅದು.

ಇಂಥ ನಾನು ನನ್ನ ಹೆಂಡತಿ ಪುಷ್ಪಳ ಫೋನಿಗೆ ಮಾತ್ರ ಕೈ ಹಾಕಿರಲಿಲ್ಲ. ಪುಷ್ಪ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಊರ ಹೆಂಗಸರು ಸೀರೆಯ ಫೋಟೋ, ಬೇಕಾದ ಕುಚ್ಚಿನ ಡಿಸೈನು ಎಲ್ಲವನ್ನೂ ಅವಳ ಫೋನಿಗೆ ಕಳಿಸುತ್ತಾರೆ. ಅವಳು ಕಟ್ಟಿದ ಕುಚ್ಚಿನ ಫೋಟೋ ತೆಗೆದು ಅವರಿಗೆ ತೋರಿಸುತ್ತಾಳೆ. ಆ ಫೋನಿನ ಕ್ಯಾಮೆರಾಕ್ಕೆ ಮೆರೂನ್ ಬಣ್ಣವೂ ಕಾಫಿಪುಡಿ ಬಣ್ಣವೂ ಒಂದೇ. ‘ನಾನು ಹೇಳಿದ್ದು ಈ ಬಣ್ಣ ಅಲ್ಲ’ ಎಂದು ಯಾರೋ ಮುನಿಸಿಕೊಂಡಾಗಲೆಲ್ಲ ಪುಷ್ಪ, “ರೀ, ಒಂದು ಒಳ್ಳೆ ಫೋನು ತಗೊಳ್ಳೋಣ ಕಣ್ರೀ” ಎನ್ನುತ್ತಿದ್ದಳು. ಆಗ ನಾನು ಕಂಪನಿಗಳು ಜನರನ್ನು ಹೇಗೆ ದೋಚುತ್ತಿವೆ, ಹಳೆಯ ಫೋನಿನಲ್ಲಿ ಇನ್ನೂ ಎಷ್ಟು ಶಕ್ತಿ ಅಡಗಿದೆ ಎಂಬುದರ ಬಗ್ಗೆ ಭಾಷಣ ಮಾಡುತ್ತಿದ್ದೆ. ಅವಳು ದಾರ ಸುತ್ತುತ್ತಾ ಕೇಳುತ್ತಿದ್ದಳು. ಆಮೇಲಾಮೇಲೆ ಹೊಸ ಫೋನಿನ ಮಾತು ನಿಂತಿತು. ಅದರ ಬದಲು, “ಈ ಫೋನು ಯಾಕೋ ಸ್ಲೋ ಆಗ್ಬುಟ್ಟಿದೆ” ಎನ್ನತೊಡಗಿದಳು. ನನಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. ಕುಡುಕನ ಮುಂದೆ ಬಾಟಲಿಯ ಮುಚ್ಚಳ ತೆಗೆದಿಟ್ಟ ಹಾಗಾಯಿತು ನನಗೆ.

ಒಂದು ಭಾನುವಾರ ಅವಳು ಸಂತೆಗೆ ಹೋದಾಗ ಫೋನನ್ನು ಮೇಜಿನ ಮೇಲೆ, ಸರಿಯಾಗಿ ನನ್ನ ಲ್ಯಾಪ್‌ಟಾಪಿನ ಪಕ್ಕದಲ್ಲೇ ಬಿಟ್ಟುಹೋಗಿದ್ದಳು. ಎಷ್ಟು ನಂಬಿಕೆ ಎಂದು ನನ್ನ ಎದೆ ತುಂಬಿಬಂತು. ಬರುವಷ್ಟರಲ್ಲಿ ಹೊಸದರಂತೆ ಮಾಡಿ ಕೈಗಿಡೋಣ ಎಂದು ಕೇಬಲ್ ಚುಚ್ಚಿದೆ. ಫೋನಿನ ಒಳಬೀಗ ತೆಗೆದ ಕ್ಷಣವೇ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಇದು ಎಳೆಯ ಮಾಡರ್‌ಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು, ಬೀಗ ತೆಗೆದ ಮೇಲೆ ನೆನಪಾಯಿತು. ಒಂದು ಮದುವೆ ಮನೆಯ ಅಷ್ಟೂ ಸೀರೆಗಳ ಡಿಸೈನು ಅದರಲ್ಲಿತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು, ಮುಂದುವರಿಸಿದೆ. ಅದೇ ಹೆಸರಿನ ಫೋನನ್ನು ಕಂಪನಿ ಎರಡು ಬಗೆಯ ಬೋರ್ಡು ಹಾಕಿ ಮಾರಿತ್ತಂತೆ. ನಾನು ತುಂಬಿದ್ದು ಇನ್ನೊಂದು ಬಗೆಯ ಫೈಲು. ಫೋನು ಒಮ್ಮೆ ಕೊನೆಯುಸಿರಿನಂತೆ ಗುಂಯ್ ಎಂದು ಕಂಪಿಸಿ ಕಪ್ಪಾಯಿತು.

ಸಂತೆಯಿಂದ ಬಂದ ಪುಷ್ಪ ಕಪ್ಪು ಫೋನನ್ನೂ ನನ್ನ ಮುಖವನ್ನೂ ನೋಡಿದಳು. ಸೊಪ್ಪಿನ ಚೀಲ ಕೆಳಗಿಟ್ಟು, “ಹೋಯ್ತಾ? ಹೋಗ್ಲಿ ಬಿಡಿ, ಇನ್ನೇನ್ ಮಾಡಕ್ಕಾಗುತ್ತೆ. ಹೊಸದೇ ತಗೊಂಡ್ರಾಯ್ತು” ಎಂದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಸಹನೆ ನನ್ನನ್ನು ಕೊಂದಿತು. “ನಾನಿರೋವಾಗ ಹೊಸದು ಯಾಕೆ? ಬದುಕಿಸಿ ಕೊಡ್ತೀನಿ ನೋಡು!” ಎಂದು ಘೋಷಿಸಿದೆ. ಆಗ ಅವಳ ಮುಖ ಸ್ವಲ್ಪ ಬಾಡಿತು. ಫೋಟೋಗಳು ನೆನಪಾಗಿರಬೇಕು ಪಾಪ ಎಂದುಕೊಂಡೆ.

ಗ್ರೂಪಿನಲ್ಲಿ ವಿಷಯ ಹಾಕಿದೆ. ‘ಬ್ಯಾಕಪ್ ತಗೊಂಡಿದ್ರಾ?’ ಎಂದು ನಾಲ್ಕು ತಾಲೂಕಿನಿಂದಲೂ ಪ್ರಶ್ನೆ ಬಂತು. ಕೈಮುಗಿಯುವ ಚಿತ್ರಗಳೂ ಬಂದವು. ಈಗ ನನಗೆ ಬೇಕಾಗಿದ್ದದ್ದು ಅದೇ ಬಗೆಯ, ಯಾರೂ ಕೈಯಾಡಿಸದ ಫೋನಿನಿಂದ ತೆಗೆದ ಮೂಲ ಫೈಲು. ಕಂಪನಿಯ ವೆಬ್‌ಸೈಟು ಮುಚ್ಚಿ ಎಷ್ಟೋ ಕಾಲವಾಗಿತ್ತು. ಹೀಗಾಗಿ ಮೊದಲು ಹೋದದ್ದು ನಮ್ಮೂರಿನ ರಫೀಕ್ ಭಾಯ್ ಹತ್ತಿರ. ಅವರದು ಮಂಚ, ಬೀರು ಪಾಲಿಶ್ ಮಾಡುವ ಅಂಗಡಿ. ವಾರ್ನಿಶ್ ಡಬ್ಬಿಗಳ ಹಿಂದೆ ಒಂದು ಹಾರ್ಡ್ ಡಿಸ್ಕ್ ಇದೆ. ಅದರಲ್ಲಿಲ್ಲದ ಫೈಲಿಲ್ಲ ಎಂಬ ಪ್ರತೀತಿ. ಅವರ ನಿಯಮ ಒಂದೇ: ಒಂದು ಕೊಟ್ಟು ಒಂದು ತಗೊಳ್ಳಬೇಕು, ಅದೂ ಎದುರಿಗೆ ಕೂತು.

“ಅರೇ ಮಾದೇವಣ್ಣ, ಬ್ಯಾಕಪ್ ತಗೊಂಡಿರ್ಲಿಲ್ವಾ? ನೀವೇ ಹಿಂಗ್ ಮಾಡಿದ್ರೆ ಹೆಂಗೆ?” ಎಂದು ಅವರು ಟೀ ತರಿಸಿದರು. ನಾನು ಜೋಪಾನ ಮಾಡಿಟ್ಟಿದ್ದ ಒಂದು ಅಪರೂಪದ ಟೂಲನ್ನು ಮೊದಲು ತಮ್ಮ ಡಿಸ್ಕಿಗೆ ಇಳಿಸಿಕೊಂಡರು. ಆಮೇಲೆ ನಿಧಾನವಾಗಿ, “ಇದೊಂದು ಮಾತ್ರ ನನ್ನತ್ರ ಇಲ್ಲ. ಚುಂಚನಕಟ್ಟೆ ಸ್ವಾಮಿ ಹತ್ರ ಇರ್ಬೇಕು, ಒಂದ್ಸಲ ಏನೋ ಮಾತಾಡಿದ್ವಿ” ಎಂದರು. ಟೂಲು ವಾಪಸ್ ಕೇಳುವಂತಿಲ್ಲ; ಟೀ ಕುಡಿದಾಗಿತ್ತು.

ಚುಂಚನಕಟ್ಟೆಯ ಸ್ವಾಮಿ ಅಕ್ಕಿ ಗಿರಣಿಯ ಎಲೆಕ್ಟ್ರಿಷಿಯನ್. ತೌಡಿನ ಧೂಳಿನಲ್ಲಿ ಹುಬ್ಬೆಲ್ಲ ಬೆಳ್ಳಗಾಗಿ ನಿಂತಿದ್ದ. “ಬ್ಯಾಕಪ್ ತಗಂಡಿರ್ನಿಲ್ವಾ ಅಣ್ಣೋ? ಬುಡಿ, ಆದದ್ದಾಯ್ತು” ಎಂದು ಗಿರಣಿಯ ಸದ್ದಿನ ಮೇಲೆ ಕಿರುಚಿದ. “ನನ್ ತಾವ ಇಲ್ಲ ಕಣಣ್ಣ. ಬೀಚನಳ್ಳಿ ಬಿಜು ಅವ್ನೆ ನೋಡಿ, ಅವ್ನು ಇಂಥದ್ದೇ ಫೋನಿನ್ ವಿಷ್ಯ ಏನೋ ಏಳ್ತಿದ್ದ. ಓಗಿ ಒಂದ್ಸಲ ಕೇಳಿ.” ಹೊರಡುವಾಗ ನನ್ನ ಚೀಲದಲ್ಲಿದ್ದ ಕೇಬಲ್ ನೋಡಿ ಅವನ ಕಣ್ಣರಳಿತು. ಎಂಥ ಸತ್ತ ಫೋನನ್ನಾದರೂ ಲ್ಯಾಪ್‌ಟಾಪ್ ಗುರುತಿಸುವಂತೆ ಮಾಡುವ ಕೇಬಲ್ ಅದು. “ಒಂದ್ ವಾರ ಕೊಡಿ, ತಂದ್ ಕೊಟ್ಬುಡ್ತೀನಿ” ಎಂದ. ನಮ್ಮ ಗ್ರೂಪಿನ ಭಾಷೆಯಲ್ಲಿ ಒಂದು ವಾರವೆಂದರೆ ಅದನ್ನು ಮರೆತುಬಿಡಿ ಎಂದರ್ಥ.

ಬೀಚನಹಳ್ಳಿ ಬಿಜು ಕಬಿನಿ ಕಡೆಯ ಒಂದು ರೆಸಾರ್ಟಿನ ಅಡುಗೆಯವನು, ವಯನಾಡಿನವನು. ಗ್ರೂಪಿನಲ್ಲಿ ಮಾತಾಡಿದ್ದೆವೇ ಹೊರತು ಮುಖ ನೋಡಿರಲಿಲ್ಲ. ಅವನಿಗೆ ನಾನು ಬರೀ ಸಿಡಿಲಮರಿ. ನನ್ನ ಬಿಳಿ ತಲೆ ಕಂಡು ಸ್ವಲ್ಪ ನಿರಾಶನಾದರೂ ತೋರಿಸಿಕೊಳ್ಳದೆ ಮೀನು ಬಡಿಸಿದ. ನಾನು ತಿನ್ನುವವನಲ್ಲವೆಂದು ತಿಳಿದು ಸಾರು ಬಡಿಸಿದ. “ಚೇಟ್ಟಾ, ಬ್ಯಾಕಪ್ ತೆಗೆದಿಲ್ಲವಾ? ಅಯ್ಯೋ! ಆ ಫೋನು ಈಗ ಎಲ್ಲೂ ಇಲ್ಲ. ಒಂದೇ ಒಂದು ಪೀಸ್ ಇದೆ ಅಂತ ಕೇಳಿದೆ. ನಿಮ್ಮ ಹುಣಸೂರಲ್ಲೇ ಯಾರೋ ಗೊಬ್ಬರದ ಅಂಗಡಿಯವರಂತೆ, ಅವರ ಹೆಂಡತಿ ಹತ್ತಿರ. ಯಾರೂ ಮುಟ್ಟಿಲ್ಲವಂತೆ! ನಾನೂ ಅದಕ್ಕೇ ಕಾಯ್ತಾ ಇದ್ದೇನೆ. ನಿಮಗೆ ಅವರ ಪರಿಚಯ ಉಂಟಾ?”

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ ಲೆಕ್ಕ ಹಾಕಿದೆ. ಬಿಜುಗೆ ಈ ಸುದ್ದಿ ಹೇಳಿದವನು ಸ್ವಾಮಿ, ಸ್ವಾಮಿಗೆ ಹೇಳಿದವರು ರಫೀಕ್ ಭಾಯ್, ರಫೀಕ್ ಭಾಯ್‌ಗೆ ಹೇಳಿದವನು ನಾನು. ಯಾವತ್ತೋ ಟೀ ಕುಡಿಯುತ್ತಾ, “ನಮ್ ಮನೇಲೂ ಒಂದಿದೆ, ಇನ್ನೂ ಕೈ ಹಾಕಿಲ್ಲ” ಎಂದು ಕೊಚ್ಚಿಕೊಂಡಿದ್ದೆ. ನಾಲ್ಕು ತಾಲೂಕಿನ ಪರಿಣತರೆಲ್ಲ ಕಾಯುತ್ತಿದ್ದ ನಿಧಿ ನನ್ನ ಮನೆಯ ಮೇಜಿನ ಮೇಲೇ ಇತ್ತು, ಭಾನುವಾರದ ತನಕ. “ಪರಿಚಯ ಇದೆ. ಅಷ್ಟೇನೂ ಒಳ್ಳೆಯವರಲ್ಲ” ಎಂದು ಬಿಜುಗೆ ಹೇಳಿ ಎದ್ದೆ. ಫೈಲು ತುಂಬಿಸಿಕೊಳ್ಳಲು ಕೊಟ್ಟಿದ್ದ ನನ್ನ ಪೆನ್‌ಡ್ರೈವ್ ಅವನ ಬಳಿಯೇ ಉಳಿಯಿತು.

ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು: ಆ ಫೋನು ಇನ್ನೊಂದಿದೆ! ದಸರಾ ಆಫರಿನಲ್ಲಿ ಪುಷ್ಪ, ಅವಳ ತಂಗಿ ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ಫೋನು ಕೊಂಡಿದ್ದರು. ನನ್ನ ನಾದಿನಿ ಸುಧಾ ಪಿರಿಯಾಪಟ್ಟಣದ ಹಾರನಹಳ್ಳಿಯಲ್ಲಿದ್ದಾಳೆ. ಇಷ್ಟು ದಿನ ಅವಳ ನೆನಪಾಗದಿದ್ದಕ್ಕೆ ಕಾರಣವಿದೆ. ಹಿಂದೊಮ್ಮೆ ನನ್ನ ಷಡ್ಡಕನ ಫೋನಿನಲ್ಲಿ ಕನ್ನಡ ಅಕ್ಷರ ದುಂಡಗೆ ಕಾಣಲಿ ಎಂದು ಏನೋ ಮಾಡಿ, ಎಲ್ಲ ಅಕ್ಷರವೂ ಚೌಕ ಚೌಕವಾಗಿ ಕಂಡು, ಆತ ಬಂದ ಮೆಸೇಜೆಲ್ಲ ಯಾವುದೋ ಬಡಾವಣೆಯ ನಕ್ಷೆಯೆಂದು ತಿಳಿದುಕೊಳ್ಳುವಂತಾಗಿತ್ತು. ಅಂದಿನಿಂದ ನಾನು ಹೋದರೆ ಆ ಮನೆಯಲ್ಲಿ ಮೊದಲು ಫೋನುಗಳನ್ನು ಬೀರುವಿನಲ್ಲಿಟ್ಟು ಆಮೇಲೆ ನೀರು ಕೊಡುತ್ತಾರೆ.

“ಸುಧಾ, ನಿನ್ ಫೋನಿಗೆ ಏನೂ ಮಾಡಲ್ಲಮ್ಮ. ಅದರಲ್ಲಿರೋದನ್ನ ಸುಮ್ನೆ ಓದ್ಕೋತೀನಿ ಅಷ್ಟೆ” ಎಂದು ಬೇಡಿಕೊಂಡೆ.

“ಕೊಡಲ್ಲ ಭಾವ.”

“ನಿಮ್ಮಕ್ಕನ ಮುಖ ನೋಡಮ್ಮ. ಮದುವೆ ಮನೆ ಸೀರೆಗಳ ಡಿಸೈನೆಲ್ಲ ಹೋಗಿದೆ. ಹೊಸದಾದ್ರೂ ತಗೋತೀನಿ ಅನ್ನೋ ಅಷ್ಟು ಬೇಜಾರಾಗಿದ್ದಾಳೆ.”

ಸುಧಾ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. “ಭಾವ, ಡಿಸೈನೆಲ್ಲ ನನ್ ಫೋನಲ್ಲಿವೆ. ಅಕ್ಕ ಒಂದು ತಿಂಗಳಿಂದ ಎಲ್ಲಾನೂ ನನಗೆ ಕಳಿಸ್ತಾನೇ ಇದ್ಲು. ‘ನಿಮ್ ಭಾವನ ಕಿವಿಗೆ ಬೀಳೋ ಹಂಗೆ ಸ್ಲೋ, ಸ್ಲೋ ಅಂತ ಹೇಳ್ತಾ ಇದೀನಿ ಕಣೇ, ಇವತ್ತೋ ನಾಳೆನೋ ಕೈ ಹಾಕ್ತಾರೆ. ಎಲ್ಲ ನಿನ್ನತ್ರ ಇರ್ಲಿ’ ಅಂತ. ಕೇಳಿದ್ರೆ ಕೊಡಿಸ್ದೆ ಇರೋರು, ಕೆಡಿಸಿದ್ರೆ ಕೊಡಿಸ್ಲೇ ಬೇಕಲ್ಲ? ಅಕ್ಕ ಅಷ್ಟು ಕಷ್ಟಪಟ್ಟು ಕೆಡ್ಸಿದಾಳೆ, ನೀವು ಯಾಕೆ ಭಾವ ಊರೂರು ಸುತ್ತಿ ರಿಪೇರಿ ಮಾಡೋಕೋಗ್ತೀರಾ?”

ಆ ದಿನ ಆ ಮನೆಯಲ್ಲಿ ಕುಡಿದ ಕಾಫಿಗೆ ಸಕ್ಕರೆ ಇತ್ತೋ ಇಲ್ಲವೋ ನೆನಪಿಲ್ಲ. ನಾಚಿಕೆಯಾಯಿತು. ಕೆಲಸಕ್ಕೆ ಬೇಕಾದ ಒಂದು ವಸ್ತು ಕೇಳಲು ಅವಳು ಇಷ್ಟು ದೊಡ್ಡ ದಾರಿ ಸುತ್ತಬೇಕಾಗಿ ಬಂತಲ್ಲ ಎಂದು ಸಂಕಟವೂ ಆಯಿತು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ತಾಲೂಕಿನಲ್ಲಿ ಕೈ ಹಾಕುವ ಮುಂಚೆ ಬ್ಯಾಕಪ್ ತೆಗೆದುಕೊಂಡ ವ್ಯಕ್ತಿ ಒಬ್ಬಳೇ ಒಬ್ಬಳು, ಅವಳು ನಮ್ಮ ಗ್ರೂಪಿನಲ್ಲೇ ಇಲ್ಲ ಎಂಬುದು ಮಾಡರ್ ಆಗಿ ನನಗಾದ ಅವಮಾನ. ಮರುದಿನವೇ ಪುಷ್ಪಳನ್ನು ಕರೆದುಕೊಂಡು ಹೋಗಿ, ಮೆರೂನು ಮೆರೂನಾಗಿಯೇ ಕಾಣುವ ಫೋನು ಕೊಡಿಸಿದೆ. ಸುಧಾ ಹೇಳಿದ್ದನ್ನು ಅವಳಿಗೆ ಹೇಳಲಿಲ್ಲ. ಹೊಸ ಫೋನು ಈಗ ಹಗಲೂ ರಾತ್ರಿ ಅವಳ ಸೊಂಟದಲ್ಲೇ ಇರುತ್ತದೆ. ನನ್ನ ಲ್ಯಾಪ್‌ಟಾಪಿನ ಪಕ್ಕ ಅದನ್ನು ಇಟ್ಟದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

ಮೊನ್ನೆ ಅಂಗಡಿಯಿಂದ ಊಟಕ್ಕೆ ಬಂದಿದ್ದೆ. ಅಡುಗೆಮನೆಯಲ್ಲಿ ಪುಷ್ಪ ಗೋಡೆ ನೋಡುತ್ತಾ, “ಈ ಮಿಕ್ಸಿ ಯಾಕೋ ಸ್ಲೋ ಆಗ್ಬುಟ್ಟಿದೆ” ಎಂದಳು. ನಾನು ಒಳಗೊಳಗೇ ನಕ್ಕೆ. ಒಂದು ಸಲ ಮೋಸ ಹೋದವನಿಗೆ ಅಷ್ಟೂ ಬುದ್ಧಿ ಬಾರದೆ? ಕೇಳಿಸದವನಂತೆ ನೀರು ಕುಡಿಯಲು ಫ್ರಿಜ್ಜು ತೆರೆದೆ. ಎರಡು ಪಾತ್ರೆ ತುಂಬ ಇಡ್ಲಿ ಹಿಟ್ಟು ರುಬ್ಬಿಟ್ಟಿತ್ತು. ಪಕ್ಕದಲ್ಲಿ ಹುಳಿಸಾರಿನ ಖಾರ, ಡಬ್ಬಿಯಲ್ಲಿ ಚಟ್ನಿ, ಇನ್ನೊಂದು ಡಬ್ಬಿಯಲ್ಲಿ ಶುಂಠಿ ಬೆಳ್ಳುಳ್ಳಿ, ವಾರಕ್ಕಾಗುವಷ್ಟು. ಎಲ್ಲ ಅರ್ಥವಾಯಿತು. ಫ್ರಿಜ್ಜಿನ ಬಾಗಿಲು ಮುಚ್ಚಿ ತಿರುಗುವಾಗ ನೋಡುತ್ತೇನೆ, ನನ್ನ ಬಲಗೈಯಲ್ಲಿ ಆಗಲೇ ಸ್ಕ್ರೂಡ್ರೈವರ್ ಇತ್ತು.