ಫ್ರಿಜ್ಜಿನ ಬದಲು ಬಂದ ಗರಗಸ

ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತ ಗಂಡಸಿನ ಮುಖವನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಸೀರೆ ಅಂಗಡಿಯಲ್ಲಿ ಆಕಳಿಸುತ್ತ, ಗಡಿಯಾರ ನೋಡುತ್ತ, ‘ಯಾವುದೋ ಒಂದು ತಗೊಂಡು ಬಾ’ ಎನ್ನುವ ಅದೇ ಮನುಷ್ಯ ಇಲ್ಲಿ ಒಂದು ಸ್ಕ್ರೂಡ್ರೈವರನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಅದರ ಹಿಡಿಯನ್ನು ಕೂಸಿನ ತಲೆ ಸವರಿದಂತೆ ಸವರಿ, ಮನೆಯಲ್ಲಿ ಇಂಥವೇ ನಾಲ್ಕಾರು ತುಕ್ಕು ಹಿಡಿಯುತ್ತಿರುವುದನ್ನು ಪೂರ್ತಿ ಮರೆತು ನಿಂತಿರುತ್ತಾನೆ. ಈ ರೋಗಿಗಳ ಪೈಕಿ ನಾನೂ ಒಬ್ಬ. ದಿನವಿಡೀ ಸರ್ಕಾರಿ ಕಚೇರಿಯಲ್ಲಿ ಫೈಲುಗಳ ಮೇಲೆ ‘ನೋಡಿದೆ’ ಎಂದು ಬರೆಯುವವನಿಗೆ, ಸಂಜೆಯ ಹೊತ್ತಿಗೆ ಕೈಯಿಂದ ನಿಜವಾಗಿ ಏನನ್ನಾದರೂ ಮಾಡಬೇಕೆಂದು ಅನಿಸುವುದು ಸಹಜ. ಕೆಲವರು ಇಸ್ಪೀಟು ಆಡುತ್ತಾರೆ. ನಾನು ಕಟ್ಟಿಗೆ ಕೊಯ್ಯುತ್ತಿದ್ದೆ.

ಗದಗಿನ ಕಡೆಯವರಾದ ನಾವು ನಾಗಪುರಕ್ಕೆ ಬಂದದ್ದು ವರ್ಗಾವಣೆಯಿಂದ. ಎಂಬತ್ತರ ದಶಕದ ಆ ದಿನಗಳಲ್ಲಿ ಪ್ರತಾಪ ನಗರದಲ್ಲಿ ಹಿತ್ತಿಲಿದ್ದ ಬಾಡಿಗೆ ಮನೆ ಸಿಗುವುದು ಕಷ್ಟವಿರಲಿಲ್ಲ. ಹಿತ್ತಿಲು ಸಿಕ್ಕಿದ್ದೇ ನನ್ನ ರೋಗ ಉಲ್ಬಣಿಸಿತು. ಅದಕ್ಕೆ ಗಾಳಿ ಹಾಕಿದವರು ಪಕ್ಕದ ಮನೆಯ ಶ್ರೀಕಂಠಯ್ಯನವರು. ಮೈಸೂರಿನವರು, ವಾಯುಸೇನೆಯಲ್ಲಿ ವಿಮಾನಗಳ ರಿಪೇರಿ ಮಾಡಿ ನಿವೃತ್ತರಾದವರು. ಅವರ ಪ್ರಕಾರ ಜಗತ್ತಿನ ಸಕಲ ತಾಪತ್ರಯಗಳಿಗೂ ಕಾರಣ ಅಗ್ಗದ ಸಲಕರಣೆ. ‘ಒಳ್ಳೆ ಟೂಲ್ ಕೊಳ್ಳೋವಾಗ ಒಂದ್ಸಲ ಅಳ್ತೀರ ಸಾರ್. ಕೆಟ್ಟದ್ದನ್ನ ಕೊಂಡ್ರೆ ಕೈಗೆತ್ತಿಕೊಂಡಾಗಲೆಲ್ಲ ಅಳ್ತೀರ’ ಎಂದು ಅವರು ಹೇಳುವಾಗ ಅವರ ಹಿಂದೆ ಒಂದು ಇಡೀ ವಿಮಾನದಳ ನಿಂತಿರುವಂತೆ ನನಗೆ ಭಾಸವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ಇತವಾರಿ ಪೇಟೆಯ ಅಂಗಡಿಯೊಂದರಲ್ಲಿ ಆ ಗರಗಸವನ್ನು ಕಂಡೆ. ಕರೆಂಟಿನದು, ಪರದೇಶದ್ದು. ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಓಡುವ ಸಣ್ಣ ಅಲಗು. ಹಲಗೆಯ ಮೇಲೆ ಪೆನ್ಸಿಲಿನಿಂದ ಹೇಗೆ ಗೆರೆ ಎಳೆದರೆ ಹಾಗೆ ಹೋಗುತ್ತದೆ, ನೇರಕ್ಕೆ ನೇರ, ಡೊಂಕಿಗೆ ಡೊಂಕು. ಪಕ್ಕದಲ್ಲೇ ಅಂಥದ್ದೇ ದೇಶೀ ಗರಗಸವೂ ಇತ್ತು, ಕಾಲು ಭಾಗದ ಬೆಲೆಗೆ. ಆದರೆ ಅಂಗಡಿಯವನು ಎರಡನ್ನೂ ಒಂದರ ಹಿಂದೊಂದು ಚಾಲೂ ಮಾಡಿ ತೋರಿಸಿದ. ದೇಶೀಯದು ಹಲ್ಲು ಕಡಿದು ಗುಡುಗಿತು. ಪರದೇಶದ್ದು ಜೇನಿನಂತೆ ಗುಂಯ್‌ಗುಟ್ಟಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಬೇಸಿಗೆಗೆ ಮುಂಚೆ ಫ್ರಿಜ್ಜು ಕೊಳ್ಳಲೆಂದು ನಾನೂ ನನ್ನ ಹೆಂಡತಿ ಗಿರಿಜೆಯೂ ಕೂಡಿಸಿಟ್ಟ ಹಣದಲ್ಲಿ ಗರಗಸ ಮನೆಗೆ ಬಂತು. ಮುಂದಿನ ವರ್ಷ ಫ್ರಿಜ್ಜೂ ಬಂತೆಂದು ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೆಲ್ಲ ಇಲ್ಲೇ ಓದು ನಿಲ್ಲಿಸಿ ಗಿರಿಜೆಯ ಪಕ್ಷ ಸೇರುತ್ತೀರಿ.

ನಾಗಪುರದ ಬೇಸಿಗೆ ಗೊತ್ತಿದ್ದವರಿಗೆ ಆಮೇಲಿನ ದಿನಗಳನ್ನು ವರ್ಣಿಸಬೇಕಿಲ್ಲ. ನಾನು ಕಚೇರಿಯಿಂದ ಬೆಂದು ಬಂದು ‘ಒಂಚೂರು ತಣ್ಣಗಿನ ನೀರು ಕೊಡು’ ಎಂದರೆ ಅವಳು ಬಲು ಶಾಂತವಾಗಿ, ‘ಗರಗಸದಾಗ ಇಟ್ಟೀನಿ, ತಗೋರಿ’ ಎನ್ನುತ್ತಿದ್ದಳು. ಇತ್ತ ಗರಗಸದಿಂದ ನಾನು ಹುಟ್ಟಿಸಿದ ಸ್ಟೂಲು ಕುಂಟುತ್ತಿತ್ತು. ದೇವರ ಮನೆಗೆಂದು ಮಾಡಿದ ಮಂಟಪದಲ್ಲಿ ದೇವರು ಹಿಡಿಸಲಿಲ್ಲ. ಭಾನುವಾರ ಬೆಳಿಗ್ಗೆ ಗರಗಸ ಹಚ್ಚಿದೆನೆಂದರೆ ಸುತ್ತಲಿನ ಟಿವಿಗಳಲ್ಲೆಲ್ಲ ಬಿಳಿ ಗೆರೆಗಳು ಕುಣಿಯುತ್ತಿದ್ದವು. ಇಡೀ ಓಣಿಯೇ ಧಾರಾವಾಹಿ ನೋಡುವ ಹೊತ್ತದು. ಎದುರು ಮನೆಯ ದೇಶಪಾಂಡೆ ಕಾಕೂ ಗೇಟಿನ ತನಕ ಬಂದು, ‘ಅಹೋ, ತುಮಚಾ ಕಾರಖಾನಾ ಬಂದ್ ಕರಾ ನಾ!’ ಎಂದು ಕೂಗುತ್ತಿದ್ದರು. ಕಾರಖಾನೆ ಬಂದಾಗುತ್ತಿತ್ತು.

ಅಷ್ಟರಲ್ಲಿ ಊರಿನಲ್ಲಿ ತಮ್ಮನ ಬಳಿ ಇದ್ದ ಅವ್ವ ನಮ್ಮಲ್ಲಿಗೆ ಬಂದಳು. ಅವಳಿಗೆ ಮೊಣಕಾಲು ನೋವು. ನಡೆಯಲು ಅಡ್ಡಿಯಿರಲಿಲ್ಲ, ಕೂತು ಏಳುವುದೇ ಕಷ್ಟ. ಬಂದ ಕೆಲವು ದಿನಗಳಲ್ಲಿ ಅವಳ ಊಟ ಇಳಿಯಿತು. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ‘ಬಿಸಲಿಗೆ ಹಸಿವಾಗಂಗಿಲ್ಲಪ್ಪ’ ಎನ್ನುತ್ತಿದ್ದಳು. ನಾನು ನಂಬಿದೆ. ಡಾಕ್ಟರರ ಹತ್ತಿರ ಹಸಿವಿನ ಔಷಧ ಬರೆಸಿಕೊಂಡೂ ಬಂದೆ. ಗಿರಿಜೆ ಬಾಟಲಿಯನ್ನು ನನ್ನ ಕೈಯಿಂದ ಕಸಿದುಕೊಂಡು ಹಿತ್ತಿಲಿಗೆ ಕರೆದೊಯ್ದಳು.

‘ಅತ್ತಿ ಯಾಕ ಉಣ್ಣಾಕತ್ತಿಲ್ಲ, ಗೊತ್ತೈತೇನು ನಿಮಗ?’

‘ಬಿಸಲಿಗೆ ಅಂತ...’

‘ಬಿಸಲೂ ಇಲ್ಲ ಏನೂ ಇಲ್ಲ. ಉಂಡ್ರ ಪಾಯಖಾನಿಗೆ ಹೋಗಬೇಕಾಗತೈತಿ. ಹೋದ್ರ ಅಲ್ಲಿ ಕುಂದ್ರಾಕ ಆಗಂಗಿಲ್ಲ. ನಿನ್ನೆ ಗ್ವಾಡಿ ಹಿಡಕೊಂಡು ಏಳಾಕ ಹೋಗಿ ಬಿದ್ದಾರ. ಮಗಗ ಹೇಳಬ್ಯಾಡ ಅಂತ ನನ್ನ ಕೈ ಹಿಡಕೊಂಡ್ರು.’

ಮಗನ ಮನೆಯಲ್ಲಿ ತಾಯಿ ಹಸಿದಿರುವುದು, ಅದೂ ಅಡಿಗೆ ಮನೆಯ ಪಾತ್ರೆಗಳೆಲ್ಲ ತುಂಬಿರುವಾಗ! ಮರುದಿನವೇ ಆಸ್ಪತ್ರೆಯ ಸಾಮಾನು ಮಾರುವ ಅಂಗಡಿಯಿಂದ ಕಬ್ಬಿಣದ ಕುರ್ಚಿ ತಂದೆ, ನಡುವೆ ತೂತಿದ್ದದ್ದು. ಅವ್ವ ಅದನ್ನು ನೋಡಿದ ಕೂಡಲೇ ಸೆರಗು ಬಾಯಿಗೆ ಹಿಡಿದಳು. ‘ದವಾಖಾನಿದು ಅದು. ಎಷ್ಟು ಮಂದಿ ಸತ್ತಾರೋ ಅದರ ಮ್ಯಾಲೆ. ವಾಪಸ್ ಕೊಟ್ಟು ಬಾ.’ ಕೊಟ್ಟು ಬಂದೆ.

‘ಮತ್ತೇನ್ ಸಾರ್ ಯೋಚನೆ? ಅಷ್ಟು ದುಡ್ಡು ಸುರಿದು ತಂದ ಗರಗಸ ಯಾಕಿರೋದು?’ ಎಂದರು ಶ್ರೀಕಂಠಯ್ಯ. ನನಗೆ ರೋಮಾಂಚನವಾಯಿತು. ಗರಗಸ ಹುಟ್ಟಿದ್ದೇ ಈ ಕೆಲಸಕ್ಕೆ! ನಾಗಪುರದ ಸಾಗವಾನಿ ಅಂದರೆ ಹೆಸರಾದ ಕಟ್ಟಿಗೆ. ಒಳ್ಳೆಯ ಹಲಗೆಗಳನ್ನೇ ಆರಿಸಿ ತಂದೆ. ಶ್ರೀಕಂಠಯ್ಯನವರು ವಿಮಾನದ ರೆಕ್ಕೆಯನ್ನು ಅಳೆದಂತೆ ಅಳೆದರು. ನಾನು ತಟ್ಟೆಯೊಂದನ್ನು ಬೋರಲು ಹಾಕಿ ದುಂಡನೆಯ ಗೆರೆ ಎಳೆದೆ. ಗರಗಸ ಗುಂಯ್‌ಗುಟ್ಟುತ್ತ ಆ ಗೆರೆಯ ಮೇಲೆ ಸುತ್ತು ಬಂದು, ಹೊರಟಲ್ಲಿಗೇ ಮುಟ್ಟಿತು. ಕೆಳಗೆ ಬಿದ್ದ ಬಿಲ್ಲೆಯನ್ನು ಎತ್ತಿ ನೋಡಿದೆ. ಹುಣ್ಣಿಮೆಯ ಚಂದ್ರ! ನನ್ನ ಜೀವನದಲ್ಲಿ ನಾನು ಮಾಡಿದ ಮೊದಲ ಸರಿಯಾದ ವಸ್ತು ಒಂದು ತೂತು ಎಂಬುದು ಆಗ ನನಗೆ ಹೊಳೆಯಲಿಲ್ಲ. ಕೈಗಳಿಗೆ ಆನಿಕೆ, ಬೆನ್ನಿಗೆ ಬಾಗಿದ ಹಲಗೆ, ಮೇಲೆ ಹೊಳೆಯುವ ಪಾಲಿಶ್. ಗಿರಿಜೆ ಕೂಡ ಸುತ್ತ ನಡೆದು ನೋಡಿ, ‘ಚಲೋ ಆಗೈತಿ ಬಿಡ್ರಿ’ ಎಂದಳು. ನಮ್ಮ ಮನೆಯಲ್ಲಿ ಇದು ಪದ್ಮ ಪ್ರಶಸ್ತಿಗೆ ಸಮ.

ಪಾಲಿಶ್ ಒಣಗಲೆಂದು ಕುರ್ಚಿಯನ್ನು ವರಾಂಡದಲ್ಲಿಟ್ಟೆವು. ಸಂಜೆ ಬಂದು ನೋಡಿದರೆ ಅವ್ವ ಅದರ ಮೇಲೆ ಮೆತ್ತನೆಯ ದಿಂಬು ಹಾಕಿಕೊಂಡು, ಎರಡೂ ಕೈ ಆನಿಸಿ, ಹೋಗಿಬರುವವರನ್ನು ನೋಡುತ್ತ ಕುಳಿತಿದ್ದಾಳೆ!

‘ಅವ್ವಾ, ಅದು ಇಲ್ಲಿಗಲ್ಲ, ಒಳಗಿನ ಕೆಲಸಕ್ಕ.’

‘ಹುಚ್ಚ ಇದ್ದೀ ಏನು? ಇಷ್ಟು ಚಂದ ಕುರ್ಚಿ ಮಾಡಿ ಅಲ್ಲಿ ಒಯ್ದು ಇಡತಾರೇನು? ನಿಮ್ಮಪ್ಪ ಇದ್ದಿದ್ರ ಇದರ ಮ್ಯಾಲೆ ಅವರನ್ನ ಕುಂದ್ರಸ್ತಿದ್ದೆ. ನನ್ನ ಮಗ ನನಗಂತ ಮಾಡ್ಯಾನ. ನಾ ಇದರ ಮ್ಯಾಲೆ ಹೊಲಸ ಮಾಡಂಗಿಲ್ಲ.’

ಎಷ್ಟು ಹೇಳಿದರೂ ಕೇಳಲಿಲ್ಲ. ಆ ವಾರವೇ ಅವಳ ಆರೋಗ್ಯ ವಿಚಾರಿಸಲು ನನ್ನ ಮೇಲಧಿಕಾರಿಗಳು ಮನೆಗೆ ಬಂದರು. ಅವ್ವ ಎದ್ದು, ‘ಬರ್ರಿ ಸಾಹೇಬ್ರ, ಇಲ್ಲೇ ಕುಂದರ್ರಿ, ನಮ್ಮ ಹುಡುಗನ ಕೈಲಿಂದ ಆದದ್ದು’ ಎಂದು ಆ ಕುರ್ಚಿಯನ್ನೇ ತೋರಿಸಿದಳು. ಅವರಿಗೆ ಕನ್ನಡ ತಿಳಿಯದಿದ್ದರೂ ಬೆರಳು ತೋರಿಸಿದ್ದು ತಿಳಿಯಿತು. ದಿಂಬಿನ ಮೇಲೆ ಕುಳಿತರು. ಭಾರೀ ಆಳು, ತುಸು ಕೆಳಗಿಳಿದರು. ಆ ಕಡೆ ಈ ಕಡೆ ಸರಿದಾಡಿ, ‘ವಾ, ಬಹುತ್ ಆರಾಮ್ ಆಹೆ. ಫಕ್ತ ಮಧೇ ಜರಾ ನರಮ್ ವಾಟತೆ’ ಎಂದರು. ನಡುವೆ ಸ್ವಲ್ಪ ಮೆತ್ತಗೆ ಅನಿಸುತ್ತದಂತೆ! ಗಿರಿಜೆ ಚಹಾ ತರುವ ನೆಪದಲ್ಲಿ ಒಳಗೆ ಓಡಿದಳು. ಅಡಿಗೆ ಮನೆಯಲ್ಲಿ ಅವಳು ನಗುವನ್ನು ನುಂಗುವ ಸದ್ದು ನನಗೆ ಕೇಳಿಸುತ್ತಿತ್ತು. ನಾನು ಮಾತ್ರ ‘ಹೋ ಸರ್, ಹೋ ಸರ್’ ಎನ್ನುತ್ತ ನೆಲ ನೋಡುತ್ತಿದ್ದೆ.

ಆದರೆ ಅವ್ವನ ಊಟ ಇನ್ನೂ ಅರ್ಧ ರೊಟ್ಟಿಯಲ್ಲೇ ಇತ್ತು. ನಗು ಮುಗಿದ ಮೇಲೆ ಗಿರಿಜೆಯೇ ಹೇಳಿದಳು: ‘ನೀವು ಚಂದ ಮಾಡಿದ್ದೇ ತಪ್ಪಾತು. ಒಂದು ಕೆಟ್ಟ ಕುರ್ಚಿ ಮಾಡ್ರಿ. ಅದು ನಿಮಗ ಬರೋಬರ್ ಬರತೈತಿ.’ ಅಂದು ಓಣಿಗೆಲ್ಲ ಕರೆಂಟು ಹೋಗಿತ್ತು. ಕಾಯುವ ತಾಳ್ಮೆ ನನಗಿರಲಿಲ್ಲ. ಹಣ್ಣಿನವನಿಂದ ಕಿತ್ತಳೆ ತುಂಬುವ ಪೆಟ್ಟಿಗೆಗಳನ್ನು ತಂದು ಒಡೆದು, ಮುರಿದ ಮಂಚವೊಂದರ ಗಟ್ಟಿ ಕಾಲುಗಳಿಗೆ ಆ ಹಲಗೆಗಳನ್ನು ದುಪ್ಪಟ್ಟು ಮಾಡಿ ಬಡಿದೆ. ತೂತನ್ನು ತುಕ್ಕು ಹಿಡಿದ ಕೈಗರಗಸದಿಂದ ಕೊಯ್ದೆ. ಅದು ಬದನೆಕಾಯಿಯ ಆಕಾರಕ್ಕೆ ಬಂತು. ಗಿರಿಜೆ ಅದರ ಅಂಚಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಹೊಲಿದಳು. ನಾವಿಬ್ಬರೂ ಸರದಿಯ ಮೇಲೆ ಕುಳಿತು, ಕುಣಿದು, ಬೀಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೆವು. ಹಲಗೆಯ ಮೇಲೆ ಹಣ್ಣಿನ ಚಿತ್ರ ಅರ್ಧ ಉಳಿದಿತ್ತು. ಅವ್ವ ಅದನ್ನು ಮೇಲಿಂದ ಕೆಳಗೆ ನೋಡಿ, ‘ಹಾಂ, ಇದು ಅಲ್ಲಿಗೆ ತಕ್ಕಂಗೈತಿ’ ಎಂದಳು.

ಮರುದಿನ ಮಧ್ಯಾಹ್ನ ಅವಳು ಒಂದು ರೊಟ್ಟಿ ತಿಂದು, ಗಿರಿಜೆಯ ಕಡೆ ತಟ್ಟೆ ಚಾಚಿ, ‘ಇನ್ನೊಂದು ಹಾಕು, ಪಲ್ಯೆ ಭಾಳ ರುಚಿ ಆಗೈತಿ’ ಎಂದಳು. ಗಿರಿಜೆ ಮುಖ ತಿರುಗಿಸಿಕೊಂಡು ರೊಟ್ಟಿ ತರಲು ಹೋದವಳು ಬೇಗ ಬರಲಿಲ್ಲ. ನಾನು ನೀರು ಕುಡಿಯುವವನಂತೆ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದೆ. ಅದರಲ್ಲಿ ನೀರಿರಲಿಲ್ಲ.

ಸುದ್ದಿ ನಿಲ್ಲುತ್ತದೆಯೇ? ದೇಶಪಾಂಡೆ ಕಾಕೂಗೆ ಅತ್ತೆ ಇದ್ದರು, ಅವರಿಗೂ ಮೊಣಕಾಲಿತ್ತು. ಕಾಕೂ ಬಂದು ಸಂಕೋಚದಿಂದ ಕೇಳಿದರು. ನಂತರ ಅವರ ತಂಗಿ, ಆಮೇಲೆ ತಂಗಿಯ ಬೀಗರು. ತೀರಾ ಚಂದವೂ ಆಗದ, ತೀರಾ ಕುರೂಪವೂ ಅಲ್ಲದ ಹದ ನನಗೆ ಸಿಕ್ಕಿತ್ತು. ಈಗ ರಜೆಯ ದಿನ ಗರಗಸ ಹಗಲೆಲ್ಲ ಗುಂಯ್‌ಗುಟ್ಟಿದರೂ ಬಿಸಿಯಾಗಲಿಲ್ಲ, ಕೈ ಜುಮುಗುಟ್ಟಲಿಲ್ಲ. ಶ್ರೀಕಂಠಯ್ಯನವರು ‘ನಾನ್ ಹೇಳ್ಲಿಲ್ವಾ ಸಾರ್?’ ಎಂದು ದಿನಕ್ಕೊಮ್ಮೆ ಹೇಳಿದರು. ಭಾನುವಾರ ಟಿವಿಯಲ್ಲಿ ಗೆರೆ ಬಂದರೆ ಕಾಕೂ ತಮ್ಮ ಮನೆಯವರಿಗೇ, ‘ಗಪ್ಪ ಬಸಾ, ಕುಣಾಚ್ಯಾ ತರಿ ಆಯೀಚೆ ಕಾಮ ಆಹೆ’ ಎನ್ನುತ್ತಿದ್ದರಂತೆ. ಯಾರದೋ ತಾಯಿಯ ಕೆಲಸ, ಸುಮ್ಮನಿರಿ ಎಂದು. ಹಾಗಾದರೆ ಆ ದುಬಾರಿ ಗರಗಸಕ್ಕೆ ಕೊಟ್ಟ ಬೆಲೆ ಸಾರ್ಥಕವೇ ಎಂದು ನೀವು ಕೇಳಬಹುದು. ಅವ್ವನ ಹೊಟ್ಟೆ ತುಂಬಿಸಿದ್ದು ತುಕ್ಕು ಹಿಡಿದ ಗರಗಸ. ಮನಸ್ಸು ತುಂಬಿಸಿದ್ದು ಪರದೇಶದ್ದು. ಎರಡರ ಬೆಲೆಯನ್ನೂ ನನ್ನಂಥವನು ಹೇಗೆ ಕಟ್ಟಲಿ?

ಅದೇ ವರ್ಷ ನನಗೆ ಬಡ್ತಿ ಬಂತು. ಹೆಸರು, ಪದವಿ, ಹುದ್ದೆ ಎಲ್ಲ ಬರೆಸಿ ಗೇಟಿಗೆ ಹಿತ್ತಾಳೆಯ ಫಲಕ ಹಾಕಿಸಿದೆ. ಹಾಕಿಸಿದ ದಿನವೇ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅದರ ಪಕ್ಕ ನಿಂತಿದ್ದಾಗ ಹತ್ತಿರದ ಊರಾದ ಕಳಮೇಶ್ವರದಿಂದ ಒಬ್ಬರು ಸ್ಕೂಟರಿನಲ್ಲಿ ಬಂದರು. ಫಲಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮುಖ ಬಾಡಿತು. ‘ಮಾಫ್ ಕರಾ ಸಾಹೇಬ್, ಚುಕೀಚ್ಯಾ ಘರೀ ಆಲೋ. ತೇ ಸಂಡಾಸ-ಖುರ್ಚೀವಾಲೆ ಕಾಕಾ ಕುಠೆ ರಾಹತಾತ್?’

ತಪ್ಪು ಮನೆಗೆ ಬಂದೆ, ಆ ಪಾಯಖಾನೆ ಕುರ್ಚಿಯ ಕಾಕಾ ಎಲ್ಲಿರುತ್ತಾರೆ ಎಂದು ಕೇಳುತ್ತ ಅವರು ಸ್ಕೂಟರು ತಿರುಗಿಸುತ್ತಿದ್ದರು. ನಾನು ಒಂದು ಕ್ಷಣ ಫಲಕದ ಕಡೆ ನೋಡಿದೆ. ಆಮೇಲೆ ಅಂಗಿಯ ತೋಳು ಮೇಲಕ್ಕೆ ಮಡಚುತ್ತ, ‘ಮೀಚ್ ತೋ. ಮಾಪ್ ಆಣಲೆ ಕಾ?’ ಎಂದೆ. ಆ ಮನುಷ್ಯ ನಾನೇ, ಅಳತೆ ತಂದಿದ್ದೀರಾ?