ಬಾಟ್ಲಿ ವಾಪಸು ಕೇಳುವ ಮಾವ

ನನ್ನ ಸೋದರಮಾವನಿಗೆ ಬಂಟ್ವಾಳದ ಅರ್ಧ ಜನರ ಹೊಟ್ಟೆಯೊಳಗಿನ ಸಂಗತಿ ಗೊತ್ತಿತ್ತು. ಆದರೆ ಒಬ್ಬರ ಮುಖವೂ ಗೊತ್ತಿರಲಿಲ್ಲ! ಸುಳ್ಳಲ್ಲ. ಐವತ್ತರ ದಶಕದಲ್ಲಿ ಅವರು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಕಂಪೌಂಡರು. ಮದ್ದು ಕೊಡುವ ಕಿಟಕಿಯನ್ನು ಯಾವ ಪುಣ್ಯಾತ್ಮ ಮಾಡಿಸಿದ್ದನೋ, ಬಾಟ್ಲಿ ಹಿಡಿದ ಒಂದು ಕೈ ತೂರುವಷ್ಟೇ ಅದರ ಅಗಲ. ಮಾವ ಜೀವಮಾನವಿಡೀ ಕಂಡದ್ದು ಬರೀ ಕೈಗಳನ್ನು.

ಆಗೆಲ್ಲ ಮದ್ದಿಗೆ ಬಾಟ್ಲಿಯನ್ನು ರೋಗಿಯೇ ಮನೆಯಿಂದ ತರಬೇಕಿತ್ತು. ತಲೆಗೆ ಹಾಕುವ ಎಣ್ಣೆಯದ್ದು, ಅತ್ತರಿನದ್ದು, ಹಿರಿಯರೆದುರು ಹೆಸರು ಹೇಳಬಾರದ ಪಾನೀಯದ್ದು, ಎಲ್ಲವೂ ಬರುತ್ತಿದ್ದವು. ಮಾವ ಮೊದಲು ಮೂಸುತ್ತಿದ್ದರು.

"ಇದಕ್ಕೆ ಮದ್ದು ಹಾಕಿದ್ರೆ ನಿನ್ನ ಕೆಮ್ಮಿಗೇ ಅಮಲು ಏರ್ತದೆ ಮಾರಾಯ! ಹೋಗು, ತೊಳ್ಕೊಂಡು ಬಾ."

ಆಮೇಲೆ ಕೆಂಪು ಮಿಕ್ಸ್ಚರ್ ತುಂಬಿಸಿ, ಬಾಟ್ಲಿಯ ಹೊರಮೈಗೆ ಡೋಸಿನ ಅಳತೆಗೆ ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಬೆರಳಿಟ್ಟು "ಒಂದು ಹೊತ್ತಿಗೆ ಇಷ್ಟು" ಎನ್ನುತ್ತಿದ್ದರು. ಸಿದ್ಧಕಟ್ಟೆಯ ಅಜ್ಜಿಯೊಬ್ಬರು ಹಾಗೆಯೇ ಮಾಡಿದರು. ಹೊತ್ತು ಹೊತ್ತಿಗೆ ಇಷ್ಟಿಷ್ಟೇ ಕಾಗದ ಕಿತ್ತು ನುಂಗಿ, ಮದ್ದನ್ನು ಮುಟ್ಟದೆ ವಾಪಸು ತಂದರು. "ಜ್ವರ ಬಿಟ್ಟಿತು ಕಂಪೌಂಡರೇ. ನಿಮ್ಮ ಕೆಂಪು ನೀರು ಹಾಗೇ ಉಂಟು. ಇನ್ನೊಂದು ಕಾಗದ ಅಂಟಿಸಿ ಕೊಡಿ!"

ಮಾವನಿಗೆ ನಗು ಬರಲಿಲ್ಲ, ಚಿಂತೆ ಹತ್ತಿತು. ಕಿಟಕಿಯಿಂದಾಚೆ ತನ್ನ ಮದ್ದಿಗೆ ಇನ್ನೂ ಏನೇನು ಗತಿಯಾಗುತ್ತಿದೆಯೋ! ಅಂದಿನಿಂದ ಹೊಸ ಕಟ್ಟಳೆ ಬಂತು. ಮದ್ದು ಮುಗಿದ ಮೇಲೆ ಖಾಲಿ ಬಾಟ್ಲಿ ಹಿಡಿದುಕೊಂಡು ಬಂದು ಗುಣವಾಯಿತೋ ಇಲ್ಲವೋ ಹೇಳಿ ಹೋಗಬೇಕು. ಜನ ಏನೆಂದುಕೊಂಡಾರು? ಕಂಪೌಂಡರು ಗುಜರಿ ವ್ಯಾಪಾರಕ್ಕೆ ಇಳಿದಿದ್ದಾರೆ ಎಂದು ಫರಂಗಿಪೇಟೆಯವರೆಗೂ ಸುದ್ದಿಯಾಯಿತು.

"ಗುಣ ಆದವ ಮತ್ತೆ ಬರುದಿಲ್ಲ. ಸತ್ತವನೂ ಬರುದಿಲ್ಲ. ನನಗೆ ಗೊತ್ತಾಗುದು ಹೇಗೆ?" ಎಂದು ನಮ್ಮ ಮೇಲೆ ರೇಗುತ್ತಿದ್ದರು. ಡಾಕ್ಟರರ ಜೊತೆ ಒಮ್ಮೆ ವಾರ್ಡಿನೊಳಗೆ ಹೋಗಬೇಕು, ಹಾಸಿಗೆಯ ಬದಿಯಲ್ಲಿ ನಿಂತು "ನಿನ್ನೆಯ ಮದ್ದು ಹೊಟ್ಟೆಯಲ್ಲಿ ನಿಂತಿತಾ?" ಎಂದು ಕೇಳಬೇಕು. ಇದೊಂದೇ ಅವರ ಆಸೆ. ಡಾಕ್ಟರರು ಒಳ್ಳೆಯವರೇ, ಬೇಡ ಎಂದವರಲ್ಲ. "ನಾಳೆ ನೋಡುವ, ಇವತ್ತು ಕಿಟಕಿಯಲ್ಲಿ ರಶ್ಶುಂಟು" ಎನ್ನುತ್ತಿದ್ದರು. ಕಿಟಕಿಯಲ್ಲಿ ರಶ್ಶಿಲ್ಲದ ದಿನ ಯಾವುದು? ಆ ನಾಳೆ ಬರುವ ಮೊದಲೇ ಮಾವನ ಸರ್ವೀಸು ಮುಗಿಯಿತು. ಈಗ ರೋಗಿಯ ಹಾಸಿಗೆಯ ಬದಿಗೇ ಹೋಗಿ ಮದ್ದಿನ ವಿಚಾರ ಕೇಳುವ ಕೆಲಸಕ್ಕೆಂದೇ ಓದಿದವರು ದೊಡ್ಡ ಆಸ್ಪತ್ರೆಗಳಲ್ಲಿದ್ದಾರಂತೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಅಕ್ಕನಿಗೆ ಗಂಡು ನೋಡಲು ಮೂಡಬಿದ್ರೆಗೆ ಹೋದಾಗ ಅವರನ್ನು ಕರೆದುಕೊಂಡು ಹೋದದ್ದು ನಮ್ಮದೇ ತಪ್ಪು. ಹುಡುಗ ಬೆಲ್ಲ ನೀರಿನ ತಟ್ಟೆ ಹಿಡಿದು ಬಂದ. ಮಾವ ಅವನ ಮುಖ ನೋಡಲಿಲ್ಲ. ಹೆಬ್ಬೆರಳಿನ ಕತ್ತಿಗಾಯದ ಗುರುತು ನೋಡಿ ಕೈಯನ್ನೇ ಹಿಡಿದುಬಿಟ್ಟರು! "ಹೋ, ಹುಳದ ಮದ್ದು! ಪೂರ್ತಿ ಕುಡಿದಿರಾ? ಬಾಟ್ಲಿ ಬರ್ಲೇ ಇಲ್ಲ!" ಪುಣ್ಯಕ್ಕೆ ಹುಡುಗನ ತಾಯಿ ನಕ್ಕರು, ಮದುವೆಯೂ ಆಯಿತು. ಭಾವ ಮಾತ್ರ ಮಾವನೆದುರು ಕೊನೆಯವರೆಗೂ ಕೈಕಟ್ಟಿ ನಿಲ್ಲುತ್ತಿದ್ದರು. ಅದನ್ನು ಎಲ್ಲರೂ ವಿನಯ ಎಂದುಕೊಂಡಿದ್ದರು.

ವಾಪಸು ಬಾರದ ಬಾಟ್ಲಿಗಳು ಎಷ್ಟೋ ಇದ್ದವು, ಮಾವನನ್ನು ಕಾಡಿದ್ದು ಒಂದೇ. ಜೋರು ಮಳೆಗಾಲದಲ್ಲಿ ಒಂದು ಹೆಂಗಸಿನ ಕೈ ಹಸಿರು ಬಾಟ್ಲಿ ಚಾಚಿತ್ತು. ಅದರ ಬದಿಯಲ್ಲಿ ಕಪ್ಪು ಬಳೆ ತೊಟ್ಟ ಪುಟ್ಟ ಕೈಯೊಂದು ಕಿಟಕಿಯ ಅಂಚನ್ನು ಹಿಡಿದಿತ್ತು. ಮಗುವಿಗೆ ಕಾದ ಕಾವಲಿಯಂಥ ಜ್ವರವಂತೆ. "ಎಲ್ಲಿಂದ?" ಎಂದದ್ದಕ್ಕೆ "ನೆರಿಯ" ಎಂದಷ್ಟೇ ಉತ್ತರ.

ಮಳೆ ಬಿಟ್ಟ ಮೇಲೆ ಮಾವ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಮುಂದೆ ನಡೆದು ನೆರಿಯಕ್ಕೂ ಹೋದರು. ಹೋಗಿ ಕೇಳುವುದಾದರೂ ಏನು? ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಅಂಗಳ ಅಂಗಳದಲ್ಲಿ ನಿಂತು "ಮಕ್ಕಳ ಕೈ ತೋರಿಸಿ" ಎಂದರಂತೆ. ಕೈ ನೋಡಿ ಭವಿಷ್ಯ ಹೇಳುವವರೆಂದು ತಿಳಿದು ದೊಡ್ಡವರೂ ಸಾಲಾಗಿ ಕೈ ಚಾಚಿದರಂತೆ! ನಾವು ಬಿದ್ದು ಬಿದ್ದು ನಕ್ಕೆವು. ಮಾವ ಅಂದು ಊಟ ಮಾಡಲಿಲ್ಲ.

ಅರವತ್ತರ ದಶಕದ ಕೊನೆಗೆ ಮಾವ ಕಡೆಗೂ ವಾರ್ಡಿನೊಳಗೆ ಹೋದರು, ರೋಗಿಯಾಗಿ. ಜ್ವರದಲ್ಲೂ ಒಂದೇ ಮಾತು: "ನೆರಿಯದ ಬಾಟ್ಲಿ ಬಂತಾ?" ನನಗೆ ತಡೆಯಲಾಗಲಿಲ್ಲ. ಅವರದೇ ಮನೆಯಿಂದ ಒಂದು ಹಸಿರು ಬಾಟ್ಲಿ ತೊಳೆದು ತಂದು ಅವರ ಕೈಗಿಟ್ಟೆ.

"ಬಂತು ಮಾವ. ಆ ಮಗುವಿನ ತಾಯಿಯೇ ತಂದುಕೊಟ್ಟು ಹೋದ್ರು."

ಮಾವ ಅಭ್ಯಾಸಬಲದಿಂದ ಬಾಟ್ಲಿಯನ್ನು ಮೂಗಿಗೆ ಹಿಡಿದರು. ಕಣ್ಣಲ್ಲಿ ಸಣ್ಣ ನಗು ಕಂಡಿತು.

"ನಿನ್ನ ಅತ್ತೆ ತಲೆಗೆ ಹಾಕುವ ಎಣ್ಣೆ. ಸರಿ ತೊಳೀಲಿಲ್ಲ ನೀನು."

ನಾನು ತಲೆ ತಗ್ಗಿಸಿದೆ. ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಾ ಅವರೇ ಕೇಳಿದರು, "ಮದ್ದು ಪೂರ್ತಿ ಕುಡಿದಳಂತಾ ಮಗು?"

"ಕುಡಿದಳಂತೆ ಮಾವ. ಈಗ ಹೈಸ್ಕೂಲಿಗೆ ಹೋಗ್ತಾಳಂತೆ."

"ಒಳ್ಳೇದಾಯ್ತು."

ಬಾಟ್ಲಿಯನ್ನು ಬದಿಗಿಟ್ಟರು. ಅದನ್ನು ತಂದ ನನ್ನ ಕೈಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದರು.