‘ಬತ್ತೆ’ ಎಂದವರಿಗೆ ಮಾಡಿಟ್ಟ ಅಡುಗೆ

ವ್ಯಾಪಾರ ಚೆನ್ನಾಗಿ ನಡೆಯುವಾಗ ಯಾರೂ ನಮಗೆ ಬುದ್ಧಿ ಹೇಳಲು ಬರುವುದಿಲ್ಲ. ಬಂದವರು ಊಟ ಮಾಡಿ, ಒಂದು ಚಿಟಿಕೆ ಸೋಂಪು ಬಾಯಿಗೆ ಹಾಕಿಕೊಂಡು ಹೋಗುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ ನೊಣ ಓಡಿಸುತ್ತ ಕೂರುವ ಕಾಲ ಬಂತೆಂದರೆ ಸಾಕು, ಕೈ ತೊಳೆಯಲು ನೀರು ಕೇಳಿದವನೂ ವ್ಯಾಪಾರ ಹೇಗೆ ಮಾಡಬೇಕೆಂದು ಪಾಠ ಹೇಳಿಯೇ ಹೋಗುತ್ತಾನೆ. ಸೋತ ಹೋಟೆಲಿನಲ್ಲಿ ಗಿರಾಕಿಗಳಿಗೆ ಬರವಿರಬಹುದು, ಸಲಹೆಗಾರರಿಗೆ ಬರವಿಲ್ಲ. ಅವರಿಗೆ ಚಹಾ ಕೊಟ್ಟೇ ನನ್ನ ಹಾಲು ಮುಗಿಯುತ್ತಿತ್ತು.

ಬೀಜಾಡಿಗೆ ತಿರುಗುವ ದಾರಿಯ ಹತ್ತಿರ, ಹೆದ್ದಾರಿಯ ಬದಿಯಲ್ಲಿ ನಮ್ಮದೊಂದು ಊಟದ ಹೋಟೆಲಿತ್ತು. ಅಡುಗೆ ನನ್ನ ಹೆಂಡತಿ ಜಲಜಳದ್ದು, ಗಲ್ಲಾ ನನ್ನದು. ಕೆಲಸ ಹಂಚಿಕೊಂಡಿದ್ದು ಹೀಗೆ ಎಂದರೆ ಕೆಲಸವೆಲ್ಲ ಯಾರ ಪಾಲಿಗೆ ಬಂತೆಂದು ನೀವೇ ತಿಳಿದುಕೊಳ್ಳಿ. ರಸ್ತೆ ಅಗಲವಾಗುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ನಡುವೆ ಗೋಡೆ ಎದ್ದಿತು. ಬೈಂದೂರು ಕಡೆಯಿಂದ ಬರುವವರಿಗೆ ನಮ್ಮ ಮೀನುಸಾರಿನ ಪರಿಮಳ ಸಿಗುತ್ತಿತ್ತು, ಹೋಟೆಲು ಸಿಗುತ್ತಿರಲಿಲ್ಲ. ಪರಿಮಳಕ್ಕೆ ಬಿಲ್ಲು ಹಾಕುವ ವಿದ್ಯೆ ನನಗೆ ಗೊತ್ತಿಲ್ಲ.

ಆಗ ಮುಂಬೈಯಿಂದ ಬಂದವನು ಜಲಜಳ ಅಣ್ಣ ಸುಧಾಕರ. ಅವನದು ಅಲ್ಲಿ ಒಂದು ಕಂಪನಿಯೊಳಗೆ ಕ್ಯಾಂಟೀನು. ಅಲ್ಲಿಯ ಗಿರಾಕಿಗಳಿಗೆ ಬೇರೆಡೆ ಹೋಗಲು ಅನುಮತಿಯೇ ಇಲ್ಲ, ಹಾಗಾಗಿ ಗಿರಾಕಿಗಳನ್ನು ಸೆಳೆಯುವ ವಿಷಯದಲ್ಲಿ ಅವನಿಗೆ ಬಹಳ ಅನುಭವ. “ಭಾವ, ಇನ್ ಬೋರ್ಡ್ ಕಂಡ್ಕಂಡ್ ಬಪ್ಪು ಜನ ಇಲ್ಲೆ. ಎಲ್ಲ ಮೊಬೈಲಂಗೇ ಇಪ್ಪುದು. ನಾವೂ ಅಲ್ಲೇ ಹೋಯ್ಕ್” ಎಂದ. ಆಮೇಲೆ ದನಿ ತಗ್ಗಿಸಿ, “ಮಳೆಗಾಲದೊಳ್ಗೆ ಸಮ ಆಯ್ಲಿಲ್ದಿರೆ ಬಾಗ್ಲ್ ಹಾಕಿ ನಮ್ ಕ್ಯಾಂಟೀನಿಗ್ ಬನಿ. ಜಲಜನಿಗ್ ಅಡ್ಗಿ, ನಿಮ್ಗ್ ಕೂಪನ್ ಹರುದ್” ಎಂದೂ ಸೇರಿಸಿದ. ಹೆಂಡತಿಯ ಅಣ್ಣನ ಕೈಕೆಳಗೆ ಕೂತು ಕೂಪನ್ ಹರಿಯುವ ನನ್ನ ಚಿತ್ರ ಕಣ್ಣ ಮುಂದೆ ಬಂದು, ಅವನು ಹೇಳಿದ್ದಕ್ಕೆಲ್ಲ ನಾನು ಹೂಂಗುಟ್ಟಿದೆ.

ಮೊದಲು ವೆಬ್‌ಸೈಟ್ ಆಯಿತು. ಅದನ್ನು ತೆರೆದ ಕೂಡಲೇ ದೊಡ್ಡದೊಂದು ಮೀನಿನ ಚಿತ್ರ: ಕಿತ್ತಳೆ ಬಣ್ಣದ ತುಂಡು, ಮೇಲೊಂದು ಹಸಿರು ಕಡ್ಡಿ, ಪಕ್ಕದಲ್ಲಿ ನಿಂಬೆಹೋಳು. ಎಲ್ಲಿಂದ ತಂದೆಯೋ ಎಂದು ಕೇಳಿದರೆ, “ಚಿತ್ರ ಚೆಂದ ಇದ್ರ್ ಸಾಕ್” ಎಂದ. ಅದನ್ನು ನೋಡಿಕೊಂಡು ಒಂದು ಸಂಸಾರ ಕಾರಿನಲ್ಲಿ ಬಂದಿಳಿದದ್ದು ಸುಳ್ಳಲ್ಲ. ಕೂತು, ಮೊಬೈಲು ತೋರಿಸಿ, “ಇದನ್ನೇ ಕೊಡಿ” ಎಂದರು. ಜಲಜ ಸೆರಗಿಗೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. “ಇದ್ ನಮ್ ಸಮುದ್ರದ್ ಮೀನಲ್ಲ. ಬಂಗುಡಿ ಇತ್ತ್, ಅಡ್ಡಿಲ್ಯಾ?” ಎಂದಳು. ಬಂಗುಡೆ ಅವರಿಗೆ ಆಗಲಿಲ್ಲ, ಎದ್ದು ಹೋದರು. ಆ ಮಟ್ಟಿಗೆ ವೆಬ್‌ಸೈಟು ಗಿರಾಕಿಗಳನ್ನು ಕರೆತಂದಿತು, ನಮ್ಮ ಬಂಗುಡೆ ಓಡಿಸಿತು ಎಂದು ಸುಧಾಕರ ಲೆಕ್ಕ ಹೇಳಿದ. ಮೊಬೈಲಿನ ನಕಾಶೆಯಲ್ಲಿ ನಮ್ಮ ಹೋಟೆಲಿಗೆ ಗುರುತು ಹಾಕಿದವನೂ ಅವನೇ. ಬೆರಳು ತುಸು ಜಾರಿ ಗುರುತು ಸಮುದ್ರದೊಳಗೆ ಬಿದ್ದಿತ್ತು. ದೋಣಿಯವರು ಯಾರಾದರೂ ಬರುತ್ತಿದ್ದರೋ ಏನೋ, ಅಷ್ಟರಲ್ಲಿ ಸರಿ ಮಾಡಿದೆವು.

ಕೊನೆಗೆ ಸಾಮಾಜಿಕ ಜಾಲತಾಣದಲ್ಲಿ ಹೋಟೆಲಿನದೊಂದು ಪೇಜು. ಇದೇ ಸರಿಯಾದ ದಾರಿ, ಊರವರೆಲ್ಲ ಇಲ್ಲೇ ಇದ್ದಾರೆ ಎಂದ. ಭಾನುವಾರ ಮಧ್ಯಾಹ್ನ ನೀರುದೋಸೆ, ಕೋಳಿ ಸುಕ್ಕದ ಸ್ಪೆಷಲ್ ಎಂದು ಬರೆದು, “ಬಪ್ಪೋರೆಲ್ಲ ಕೆಳ್ಗೆ ‘ಬತ್ತೆ’ ಅಂದೇಳಿ ಹಾಕಿ” ಎಂದು ಸೇರಿಸಿದ. ‘ಬರುತ್ತೇನೆ’ ಎನ್ನುವುದನ್ನು ನಮ್ಮ ಭಾಷೆಯಲ್ಲೇ ಬರೆಸಿದರೆ ಜನ ಕರಗುತ್ತಾರಂತೆ. ಅದು ನಿಜವಾಯಿತು. ಬ್ರಹ್ಮಾವರದಿಂದ ಬತ್ತೆ, ಉಪ್ಪುಂದದಿಂದ ಬತ್ತೆ, ಶಂಕರನಾರಾಯಣದಿಂದ ಬತ್ತೆ. ದುಬೈಯಲ್ಲಿ ಕೂತವನೊಬ್ಬನೂ ಬತ್ತೆ ಎಂದ. ಅವನು ಬರಲಾರ ಎಂಬುದು ನನಗೂ ಹೊಳೆಯಿತು, ಅವನೊಬ್ಬನನ್ನು ಮಾತ್ರ ಬಿಟ್ಟು ಉಳಿದವರಿಗೆಲ್ಲ ಅಕ್ಕಿ ನೆನೆಹಾಕಿಸಿದೆ. ಜಲಜ ಒಮ್ಮೆ, “ಇಷ್ಟ್ ಜನ ಹೌದಾ?” ಎಂದಳು. “ಕಾಣ್, ಬರ್ದಿದ್ರಲೆ” ಎಂದು ಮೊಬೈಲನ್ನು ಅವಳ ಮುಖಕ್ಕೆ ಹಿಡಿದೆ.

ಭಾನುವಾರ ಬೆಳಿಗ್ಗೆಯಿಂದ ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಮಸಾಲೆ ಹುರಿದ ಘಮ ಗೋಡೆಯ ಆಚೆಗೂ ಹೋಗಿರಬೇಕು. ನಾನು ಒಗೆದ ಅಂಗಿ ಹಾಕಿಕೊಂಡು, ನೆರೆಮನೆಯಿಂದ ಕುರ್ಚಿ ತಂದು ಸಾಲಾಗಿ ಇಟ್ಟೆ. ಊಟದ ಹೊತ್ತಾಯಿತು, ಹೊತ್ತು ಮೀರಿತು. ಬಂದವನು ಪಕ್ಕದ ಗುಜರಿ ಅಂಗಡಿಯ ಮಂಜಣ್ಣ ಒಬ್ಬನೇ. ಅವನು ದಿನಾ ಬರುವವನು, ಅವನ ಹತ್ತಿರ ಇರುವುದು ಒತ್ತುವ ಗುಂಡಿಯ ಹಳೇ ಫೋನು. ಹೊಟ್ಟೆ ತುಂಬ ತಿಂದ. ಕೈ ತೊಳೆದು, ಖಾಲಿ ಕುರ್ಚಿಗಳ ಕಡೆ ನೋಡಿ, ಮೆಟ್ಟಿಲಿಳಿಯುತ್ತ ಎಂದಿನ ಹಾಗೆ ಹೇಳಿದ: “ಬತ್ತೆ ಮಾರಾಯ್ರೆ.” ಹೇಳಿ, ಹೊರಟು ಹೋದ.

ನನಗೆ ಹೊಡೆದ ಹಾಗಾಯಿತು. ಹೊರಡುವಾಗ ‘ಹೋತೆ’ ಎಂದರೆ ಅಪಶಕುನವೆಂದು ಹುಟ್ಟಿದಾಗಿನಿಂದ ನಾವೆಲ್ಲ ಹೇಳುವುದು ಅದನ್ನೇ. ಮದುವೆ ಮನೆಯಿಂದ, ಆಸ್ಪತ್ರೆಯಿಂದ, ಜಗಳದ ನಡುವಿನಿಂದಲೂ ‘ಬತ್ತೆ’ ಎಂದೇ ಎದ್ದು ಹೋಗುವುದು. ಪೇಜಿನಲ್ಲಿ ಬರೆದವರೆಲ್ಲ ಪೇಜಿಗೇ ಬಂದು, ನೋಡಿ, ಮರ್ಯಾದೆಯಿಂದ ಹೇಳಿ ಹೋಗಿದ್ದರು. ಹೋಗುವವರ ಸಾಲಿಗೆ ನಾನು ಅಕ್ಕಿ ನೆನೆಹಾಕಿಸಿದ್ದೆ.

ಸಂಜೆ ಸುಧಾಕರ ಫೋನು ಮಾಡಿದ. “ರೀಚ್ ಲಾಯ್ಕ್ ಬಂತಲೆ ಭಾವ?” ಎಂದ; ಪೇಜು ಎಷ್ಟು ಜನರ ಕಣ್ಣಿಗೆ ಬಿತ್ತೆಂಬ ಲೆಕ್ಕ ಅದು. ಜನ ಬರಲಿಲ್ಲವಲ್ಲ ಮಾರಾಯ ಎಂದೆ. “ಜನ ಬೇರೆ, ರೀಚ್ ಬೇರೆ” ಎಂದು ಸಮಾಧಾನ ಹೇಳಿದ. ಅಡುಗೆಮನೆಯಲ್ಲಿ ಜಲಜ ಅರಿಶಿನ ಹತ್ತಿದ ಕೈಯನ್ನು ಮಡಿಲಲ್ಲಿಟ್ಟು ಕೂತಿದ್ದಳು. ದೋಸೆಹಿಟ್ಟಿನ ಪಾತ್ರೆಯನ್ನು ಅಂಗಳದ ತೆಂಗಿನ ಬುಡಕ್ಕೆ ಅವಳೇ ಹೊತ್ತುಕೊಂಡು ಹೋಗಿ ಸುರಿದಳು. “ಇನ್ ನಂಗ್ ಆತಿಲ್ಲೆ” ಎಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮಳೆಗಾಲ ಹಿಡಿಯುವ ಮೊದಲೇ ಬಾಗಿಲು ಹಾಕಿದೆವು. ಹೊರಡುವ ದಿನ ಪೇಜಿನಲ್ಲಿ ಒಂದೇ ಮಾತು ಬರೆದೆ: ಬತ್ತೆ. ಆಗ ಬಂದವು ನೋಡಿ ಉತ್ತರಗಳು. “ಎಲ್ಲಿಗೆ?” “ಯಾವಾಗ?” “ಹೊಸ ಬ್ರಾಂಚಾ?” ಆ ಪೇಜಿಗೆ ಅಷ್ಟು ಲೈಕಿನ ಹೆಬ್ಬೆರಳು ಎಂದೂ ಬಿದ್ದಿರಲಿಲ್ಲ.

ಈಗ ಮುಂಬೈಯಲ್ಲಿದ್ದೇವೆ. ಕೂಪನ್ ಹರಿಯುವ ಕೆಲಸ ಕಷ್ಟದ್ದೇನಲ್ಲ, ಬೆರಳಿಗೆ ಅಭ್ಯಾಸವಾಗಿದೆ. ಬಿಡುವಿದ್ದಾಗ ಮೊಬೈಲು ನೋಡುತ್ತೇನೆ. ಮೊನ್ನೆ ಉಪ್ಪುಂದದಲ್ಲಿ ಯಾರೋ ಗಂಡ ಹೆಂಡತಿ ಹೊಸ ಹೋಟೆಲು ಹಾಕಿ, ಭಾನುವಾರ ಕೋಳಿ ಸುಕ್ಕ ಎಂದು ಬರೆದಿದ್ದರು. ಚಿತ್ರದಲ್ಲಿದ್ದದ್ದು ನಮ್ಮದೇ ಊರಿನ ನೀರುದೋಸೆ, ಅಂಚು ಸ್ವಲ್ಪ ಹರಿದದ್ದು. ಯೋಚಿಸುವ ಮೊದಲೇ ಬರೆದುಬಿಟ್ಟಿದ್ದೆ: ಬತ್ತೆ.

ಜಲಜ ಹಿಂದಿನಿಂದ ಇಣುಕಿ ಓದಿದಳು. “ಅಳ್ಸಿ ಅದನ್ನ್. ಅಲ್ ಒಂದ್ ಹೆಂಗ್ಸ್ ಅಕ್ಕಿ ನೆನ್ಸ್ತಾ ಇರತ್ತ್” ಎಂದಳು.

ಅಳಿಸಲೆಂದು ಬೆರಳಿಟ್ಟೆ. ಅಷ್ಟರಲ್ಲಿ ಹೋಟೆಲಿನವರ ಉತ್ತರ ಬಂದಾಗಿತ್ತು: “ಬನಿ, ಕಾಯ್ತೆ.”